ಅಕ್ಕನ ಎಂಜಲು ಹೊತ್ತ ಶುಕ್ರವಾರಗಳು

ನನ್ನ ಅಕ್ಕ ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಬಜ್ಜಿಯ ಬಂಡಿ ಇಟ್ಟಿದ್ದಳು. ಭಾವ ಬಾಣಲೆಯ ಮುಂದೆ ನಿಂತು ಬಜ್ಜಿ ಕರಿಯುತ್ತಿದ್ದ. ಅಕ್ಕ ಒಗ್ಗರಣೆ ಮಂಡಕ್ಕಿ ಕಲಸಿ, ಮೇಲೆ ಶೇಂಗಾ ಚಟ್ನಿ ಹಾಕಿ ಕೊಡುತ್ತಿದ್ದಳು. ಜನ ಬರುತ್ತಿದ್ದುದು ಆ ಚಟ್ನಿಗಾಗಿ. ಅರೆದು ಮುಗಿಸಿದ ಮೇಲೆ ಒಂದು ಹನಿ ಅಂಗೈಗೆ ಹಾಕಿಕೊಂಡು, ನಾಲಿಗೆಯ ತುದಿ ತಾಗಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಮೇಲೆ ಉಪ್ಪೋ ಹುಣಸೆಹಣ್ಣೋ ಚೂರು ಸೇರಿಸುವಳು. ಅಕ್ಕಿ ಮಿಲ್ಲಿನ ಹಮಾಲರ ಜೊತೆ ಕನ್ನಡದಲ್ಲಿ, ಆದೋನಿ ಕಡೆಯ ಗಿರಾಕಿಗಳ ಜೊತೆ ತೆಲುಗಿನಲ್ಲಿ, ನಡುವೆ ಭಾವನ ಜೊತೆ ಜಗಳದ ದನಿಯಲ್ಲಿ ಮಾತು ನಡೆದೇ ಇರುತ್ತಿತ್ತು. ಅವಳ ಬಾಯಿ ಸುಮ್ಮನಿದ್ದುದನ್ನು ನಾನು ನೋಡಿರಲಿಲ್ಲ.

ನಾವು ಕುರುಗೋಡಿನ ಪಿಂಜಾರರ ಮನೆಯವರು. ಅಪ್ಪ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವ್ವ ಅದೇ ಕೆಲಸ ಹಿಡಿದು ನಮ್ಮಿಬ್ಬರನ್ನು ಬೆಳೆಸಿದಳು. ಅಕ್ಕ ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು, ನಾನು ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆದೆ. ಅದು ಅದಿರಿನ ಲಾರಿಗಳ ಕಾಲ. ನನ್ನ ಜೊತೆ ಬಟ್ಟೆ ಕತ್ತರಿಸುತ್ತಿದ್ದವರು ಒಬ್ಬೊಬ್ಬರಾಗಿ ಲಾರಿ ಹತ್ತಿದರು. ಊರಿನ ಬೇವಿನ ಮರಗಳೆಲ್ಲ ಅದಿರಿನ ಧೂಳಿಗೆ ಕೆಂಪಾಗಿದ್ದವು. ಒಗೆದು ಒಣಹಾಕಿದ ಬಿಳಿ ಅಂಗಿ ಸಂಜೆ ತೆಗೆಯುವಾಗ ಇಟ್ಟಿಗೆಯ ಬಣ್ಣಕ್ಕೆ ಬಂದಿರುತ್ತಿತ್ತು.

ಒಂದು ದಿನ ಅಕ್ಕ ಚಟ್ನಿಯ ರುಚಿ ನೋಡಿ ಅಂಗೈ ನೋಡಿಕೊಂಡರೆ ಅದರಲ್ಲಿ ರಕ್ತವಿತ್ತು. ವಸಡು ಒಸರುತ್ತಿತ್ತು. ಹಲ್ಲುಜ್ಜುವಾಗ ಗಾಯವಾಗಿರಬೇಕು ಎಂದುಕೊಂಡು ಎಂಟು ದಿನ ಕಳೆದಳು. ಆಮೇಲೆ ಜ್ವರ, ತೊಡೆಯ ಮೇಲೆ ಯಾರೋ ಹೊಡೆದಂಥ ನೀಲಿ ಕಲೆಗಳು. ಬಳ್ಳಾರಿಯ ಡಾಕ್ಟರು ರಕ್ತದ ವರದಿಯನ್ನು ಎರಡು ಸಲ ಓದಿ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಿ ಎಂದರು. ರಕ್ತದ ಕ್ಯಾನ್ಸರು.

"ಈ ಕೆಂಪು ಧೂಳಿನಿಂದ ಬಂತೇನ್ರಿ?" ಎಂದು ಭಾವ ಕೇಳಿದ.

"ಹಂಗಂತ ಹೇಳಾಕ ಬರಂಗಿಲ್ಲಪ. ಯಾರಿಗೆ ಯಾಕ ಬರ್ತದ ನಮಗೂ ಗೊತ್ತಿಲ್ಲ" ಎಂದರು ಅವರು.

ಪಕ್ಕದ ರಾಜ್ಯದ ಆಸ್ಪತ್ರೆಯೊಂದರಲ್ಲಿ ಕೀಮೋ ಶುರುವಾಯಿತು. ಅಕ್ಕನ ಕೂದಲು ಹೋಯಿತು, ರೋಗ ಒಂದು ಹಂತಕ್ಕೆ ಅಡಗಿತು. ಆದರೆ ಅದು ಮತ್ತೆ ಬರುವ ರೋಗ, ರಕ್ತ ಹುಟ್ಟಿಸುವ ಆಕರಕೋಶಗಳನ್ನು ಬೇರೊಬ್ಬರಿಂದ ತೆಗೆದು ಕಸಿ ಮಾಡಿದರೆ ಮಾತ್ರ ಭರವಸೆ ಎಂದರು. ಒಡಹುಟ್ಟಿದವರ ಕೋಶ ಹೊಂದಬೇಕಂತೆ, ರಕ್ತದ ಗುಂಪು ಬೇರೆಯಾದರೂ ನಡೆಯುತ್ತದಂತೆ. ನನ್ನದು ಹೊಂದಿತು, ಪೂರ್ತಿಯಾಗಿ. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಭಾವ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟ. ಬದುಕಿನಲ್ಲಿ ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಲಿಲ್ಲ. ಕೋಶಗಳು ಹೆಚ್ಚಲೆಂದು ನನಗೆ ಐದು ದಿನ ಸೂಜಿ ಚುಚ್ಚಿದರು. ಸೊಂಟದ ಎಲುಬು, ಎದೆಯ ಎಲುಬು ಒಳಗಿನಿಂದ ಉಬ್ಬಿದಂತೆ ನೋಯುತ್ತಿದ್ದವು. ಆ ನೋವೂ ನನಗೆ ಹಿತವಾಗಿತ್ತು. ಆಮೇಲೆ ಒಂದು ಕೈಯಿಂದ ರಕ್ತ ತೆಗೆದು, ಯಂತ್ರದೊಳಗೆ ಸೋಸಿ, ಇನ್ನೊಂದು ಕೈಗೆ ವಾಪಸು ಬಿಟ್ಟರು. ಚೀಲದಲ್ಲಿ ಉಳಿದದ್ದು ತೆಳುವಾದ ಟೊಮೆಟೊ ಸಾರಿನ ಬಣ್ಣದ್ದು. ಅದನ್ನು ಅಕ್ಕನಿಗೆ ಏರಿಸಿದರು.

ಕಸಿಗೆ ಮುಂಚೆಯೇ ಒಬ್ಬ ಡಾಕ್ಟರಮ್ಮ ನಮ್ಮನ್ನು ಹುಡುಕಿಕೊಂಡು ಬಂದಿದ್ದಳು. ಹಲ್ಲಿನ ಡಾಕ್ಟರು, ಮೈಸೂರು ಕಡೆಯವಳು, ಕನ್ನಡ ಮಾತಾಡುವವಳು ಸಿಕ್ಕಳೆಂದು ಅಕ್ಕನಿಗೆ ಖುಷಿ. ಅವಳು ಒಂದು ಸಂಶೋಧನೆ ಮಾಡುತ್ತಿದ್ದಳು. ಕೈಯಲ್ಲಿದ್ದ ಕಾಗದದ ಮೇಲೆ 'ಲಾಲಾರಸ' ಎಂದಿತ್ತು.

"ಹಂಗಂದ್ರೇನ್ರಿ?" ಎಂದಳು ಅಕ್ಕ.

"ಬಾಯಲ್ಲಿ ಊರುತ್ತಲ್ಲ, ಅದು. ಎಂಜಲು."

"ಓ, ಜೊಲ್ಲು ಅನ್ರಿ."

ಡಾಕ್ಟರಮ್ಮ ನಕ್ಕು, ನಿಧಾನವಾಗಿ ಬಿಡಿಸಿ ಹೇಳಿದಳು. ಕಸಿಯಾದವರಿಗೆ ಬಾಯಿಯ ತೊಂದರೆ ಬಹಳ. ಮೊದಲು ಕೀಮೋದಿಂದ ಹುಣ್ಣು. ತಿಂಗಳುಗಳು ಕಳೆದ ಮೇಲೆ ಕೆಲವರಿಗೆ ಬೇರೊಂದು ಬಗೆಯ ಹುಣ್ಣು, ಬಾಯಿ ಒಣಗುವುದು. ಜೊಲ್ಲು ಬರಿ ನೀರಲ್ಲ, ಅದರಲ್ಲಿ ಬಾಯಿ ಕಾಯುವ ನೂರಾರು ಪ್ರೋಟೀನುಗಳಿರುತ್ತವೆ. ಹುಣ್ಣು ಕಣ್ಣಿಗೆ ಕಾಣುವುದಕ್ಕೆ ಮೊದಲೇ ಅವುಗಳಲ್ಲಿ ಕೆಲವು ಏರುತ್ತವೆಯೇ, ಕೆಲವು ಇಳಿಯುತ್ತವೆಯೇ, ನೋಡಬೇಕು.

"ಇದರಿಂದ ನಿಮಗೆ ಉಪಯೋಗ ಆಗುತ್ತೆ ಅಂತ ನಾನು ಹೇಳಲ್ಲ ಅಕ್ಕ. ಮುಂದೆ ಬರೋರಿಗೆ ಆಗಬಹುದು" ಎಂದಳು.

ಅಕ್ಕ ಅಕ್ಷರ ಕೂಡಿಸಿ ಸಹಿ ಮಾಡಿದಳು. ಮರುದಿನ ಬಾಯಿ ಮುಕ್ಕಳಿಸಿ, ಐದು ನಿಮಿಷ ತಲೆ ಬಗ್ಗಿಸಿ ಕೂತು, ಸಣ್ಣ ಪ್ಲಾಸ್ಟಿಕ್ ನಳಿಗೆಯೊಳಗೆ ಜೊಲ್ಲು ಸುರಿಯಬಿಟ್ಟಳು. ಸೆರಗಿನಿಂದ ಮುಖ ಮರೆಮಾಡಿಕೊಂಡು ಒಂದೇ ಸಮನೆ ನಗುತ್ತಿದ್ದಳು. "ನೋಡಲೇ ತಮ್ಮಾ, ಹೊರಗ ಉಗುಳಿದ್ರ ಜಗಳಕ್ಕ ಬರ್ತಾರ, ಇಲ್ಲಿ ಉಗುಳಿದ್ರ ಶಾಬಾಸ್ ಅಂತಾರ!"

ಅದಾಗಿ ಎರಡು ವಾರಕ್ಕೆ, ಕಸಿಗೆಂದು ಕೊಟ್ಟ ಕೀಮೋದಿಂದ, ಆ ಬಾಯಿಯನ್ನು ನೋಡಲಾಗುತ್ತಿರಲಿಲ್ಲ. ಒಳಗಿನ ಚರ್ಮ ಪದರ ಪದರವಾಗಿ ಕಳಚಿ ಬಂತು. ಸ್ವಂತ ಎಂಜಲನ್ನು ನುಂಗಲಾರದೆ ತುಟಿಯ ಸಂದಿಯಿಂದ ಹರಿಯಬಿಡುತ್ತಿದ್ದಳು. ಮಾತು ನಿಂತಿತು. ಬೇಕಾದ್ದನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಮಾರ್ಫಿನ್ ಕೊಟ್ಟರೆ ಕಣ್ಣು ಅರೆ ತೆರೆದು ಮಲಗುವಳು. ಅಂಥ ದಿನಗಳಲ್ಲೂ ಡಾಕ್ಟರಮ್ಮ ಬಂದು, "ಬೇಡ ಅಂದ್ರೆ ಬಿಟ್ಟುಬಿಡೋಣ ಅಕ್ಕ" ಎನ್ನುತ್ತಿದ್ದಳು. ಅಕ್ಕ ಕೈ ಚಾಚಿ ನಳಿಗೆ ಇಸಿದುಕೊಳ್ಳುವಳು. ಅದರೊಳಗೆ ಬೀಳುತ್ತಿದ್ದುದು ಗುಲಾಬಿ ಬಣ್ಣದ ಲೋಳೆ.

ಕಸಿಯಾದ ಮೂರನೆಯ ವಾರದಲ್ಲಿ ನನ್ನ ಕೋಶಗಳು ಅವಳ ಎಲುಬಿನೊಳಗೆ ಹಿಡಿದವು. ಹುಣ್ಣು ಮಾಯತೊಡಗಿತು. ಅವಳು ಆಡಿದ ಮೊದಲ ಮಾತು, "ಚಾ ಕೊಡ್ರಿ."

ಮನೆಗೆ ಕಳಿಸುವಾಗ ಧೂಳು, ಹೊಗೆ ಹತ್ತಿರ ಸುಳಿಯಬಾರದು ಎಂದರು. ಸಿರುಗುಪ್ಪದಲ್ಲಿ ಅವರ ಮನೆಯ ಹಿಂದೆಯೇ ಅಕ್ಕಿ ಮಿಲ್ಲು, ಹೊಟ್ಟಿನ ಬೂದಿ ದಿನವೂ ಅಂಗಳಕ್ಕೆ ಉದುರುತ್ತಿತ್ತು. ಬಳ್ಳಾರಿಯನ್ನಂತೂ ಕೇಳುವುದೇ ಬೇಡ. ಹಾಗಾಗಿ ಅಕ್ಕ ಕುರುಗೋಡಿಗೆ, ಅವ್ವನ ಮನೆಗೆ ಬಂದಳು. ಆ ಮನೆಯಲ್ಲೂ ಅರಳೆಯ ನವಿರು ಇತ್ತು, ಸಂದುಗೊಂದುಗಳಲ್ಲೆಲ್ಲ. ಅವ್ವ ಕೇಳಿದ್ದೇ ತಡ, ಹಿಂಜುವ ಬಿಲ್ಲನ್ನೂ ಅರಳೆಯ ಚೀಲಗಳನ್ನೂ ಯಾರಿಗೋ ಎತ್ತಿಕೊಟ್ಟು, ಗೋಡೆ ತೊಳೆದು ಸುಣ್ಣ ಬಳಿದಳು. ಆ ಮನೆಯಲ್ಲಿ ನಲವತ್ತು ವರ್ಷ ನಡೆದ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಬಂಡಿ ನಿಂತುಹೋಗಿ ಭಾವ ಅದಿರು ತೂಗುವ ಕಡೆ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಬಂದರೆ ಊರ ಕೆರೆಯಲ್ಲಿ ಮೈ ತೊಳೆದುಕೊಂಡೇ ಮನೆಯೊಳಗೆ ಕಾಲಿಡುತ್ತಿದ್ದ.

ಡಾಕ್ಟರಮ್ಮನಿಗೆ ವಾರಕ್ಕೊಂದು ನಳಿಗೆ ಬೇಕಿತ್ತು. ಬಳ್ಳಾರಿಯ ಪಾರ್ವತಿನಗರದ ಒಂದು ಲ್ಯಾಬಿನವರು ಅದನ್ನು ಹೆಪ್ಪುಗಟ್ಟಿಸಿ ಇಟ್ಟುಕೊಂಡು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕಳಿಸಲು ಒಪ್ಪಿದ್ದರು. ಕುರುಗೋಡಿನಿಂದ ಅಲ್ಲಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ನಮ್ಮ ಕಾರ್ಖಾನೆಗೆ ಶುಕ್ರವಾರ ರಜೆ. ಗುರುವಾರ ಸಂಜೆ ಊರಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಅಕ್ಕ ಏನೂ ತಿನ್ನದೆ, ಬಾಯಿ ಮುಕ್ಕಳಿಸಿ ಕೂರುವಳು. ಸೋಡಾ ಅಂಗಡಿಯಿಂದ ಐಸ್ ತಂದು ಥರ್ಮಾಸಿಗೆ ತುಂಬಿ, ನಳಿಗೆಯನ್ನು ಅದರೊಳಗೆ ಹುಗಿದು, ಮೊದಲ ಬಸ್ಸು ಹಿಡಿಯುತ್ತಿದ್ದೆ.

ಬಸ್ಸಿನಲ್ಲಿ ಪಕ್ಕದವರು, "ಹಾಲೇನ್ರಿ?" ಎಂದು ಕೇಳುವರು. ಹೂಂ ಎಂದುಬಿಡುತ್ತಿದ್ದೆ. ನಮ್ಮಲ್ಲಿ ಎಂಜಲು ತಾಗಿದ ಲೋಟವನ್ನು ಬೇರೆ ಇಡುತ್ತಾರೆ. ನಾನು ಎಂಜಲನ್ನೇ ತೊಡೆಯ ಮೇಲೆ ಇಟ್ಟುಕೊಂಡು, ಕುಲುಕಾಡದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ.

ಮೊದಲ ನಾಲ್ಕೈದು ತಿಂಗಳು ಒಳ್ಳೆಯವು. ಅಕ್ಕನಿಗೆ ಕೂದಲು ಬಂತು, ಗುಂಗುರಾಗಿ. ಅವಳ ರಕ್ತದ ಗುಂಪು ಬದಲಾಗಿ ನನ್ನದೇ ಆಗಿತ್ತು. "ಈಗ ನಾವಿಬ್ರೂ ಒಂದ ರಕ್ತ ನೋಡು, ಮೊದಲು ಸುಳ್ಳ ಅಂತಿದ್ರು" ಎಂದು ಬಂದವರಿಗೆಲ್ಲ ಹೇಳುವಳು. ಅವ್ವನ ಅಡುಗೆಗೆ ಹೆಸರಿಡಲು ಶುರುಮಾಡಿದಳು. ಬೇಸಿಗೆ ಕಳೆದರೆ ಬಂಡಿ ಮತ್ತೆ ತೆರೆಯುವ ಮಾತೂ ಬಂತು.

ಆ ದಿನಗಳಲ್ಲಿಯೇ ಒಂದು ಶುಕ್ರವಾರ ಬಸ್ಸು ಬಳ್ಳಾರಿಗೆ ಇನ್ನೇನು ಸೇರಬೇಕು ಎನ್ನುವಾಗ ನಿಂತುಬಿಟ್ಟಿತು. ಮುಂದೆ ಒಂದು ಅದಿರಿನ ಲಾರಿ ಮಗುಚಿತ್ತು, ಅದರ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಲಾರಿಗಳು. ಬಿಸಿಲು ಏರಿತು. ಇಳಿದು ನಡೆಯತೊಡಗಿದೆ. ಲ್ಯಾಬು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿದ್ದವನು ಥರ್ಮಾಸಿನ ಮುಚ್ಚಳ ತೆಗೆದು ಬೆರಳು ಅದ್ದಿದ.

"ಬಿಸಿ ಆಗೇತಲ್ರಿ. ಇದು ನಡಿಯಂಗಿಲ್ಲ."

"ಸ್ವಲ್ಪ ನೋಡ್ರಿ ಅಣ್ಣಾ, ನಡಕೊಂಡು ಬಂದೀನಿ."

"ನಾನೇನ್ ಮಾಡ್ಲಿ? ಕೆಟ್ಟದ್ದು ಕೆಟ್ಟದ್ದ."

ನಳಿಗೆಯನ್ನು ಅವನು ಕಸದ ಬುಟ್ಟಿಗೆ ಹಾಕಿದ. ಮುಂದಿನ ವಾರ ಅಕ್ಕ, "ಮುಟ್ಟಿಸಿದ್ಯೇನು?" ಎಂದಳು. ಮುಟ್ಟಿಸಿದೆ ಎಂದೆ.

ಅದಾದ ಸ್ವಲ್ಪ ದಿನಕ್ಕೆ ಅವಳು ಊಟದ ತಟ್ಟೆ ಸರಿಸಿ, "ಅವ್ವಾ, ಇವತ್ತು ಖಾರ ಎಷ್ಟು ಹಾಕೀದಿ?" ಎಂದಳು. ಅವ್ವ ಮಾಡಿದ್ದು ಬರಿ ಬೇಳೆ, ಖಾರ ಹಾಕಿರಲೇ ಇಲ್ಲ. ನೀರೂ ಉರಿಯುತ್ತಿತ್ತು. ಬ್ಯಾಟರಿ ಬಿಟ್ಟು ನೋಡಿದರೆ ಕೆನ್ನೆಯ ಒಳಗೆ ಬಿಳಿ ಗೆರೆಗಳು, ಜೇಡ ನೂಲು ಎಳೆದ ಹಾಗೆ. ನಡುನಡುವೆ ಕೆಂಪು ಹುಣ್ಣು. ಅವಳನ್ನು ಕರೆದುಕೊಂಡು ರೈಲು ಹತ್ತಿದೆವು.

ಅಲ್ಲಿ ಡಾಕ್ಟರಮ್ಮ ಬಾಯಿ ನೋಡಿ ಕೈಗವಸು ಕಳಚಿದಳು. ಆಮೇಲೆ ಹೊರಗೆ ಬಂದು ನನಗೂ ಭಾವನಿಗೂ ಹೇಳಿದಳು. ಕಸಿಯಾದ ಕೋಶಗಳು ರೋಗ ಮತ್ತೆ ಬಾರದಂತೆ ಕಾಯುತ್ತವೆ. ಆದರೆ ಒಮ್ಮೊಮ್ಮೆ ಅವು ಹೋಗಿ ಸೇರಿದ ಮೈಯನ್ನೇ ಪರಕೀಯ ಅಂದುಕೊಂಡು ಕಡಿಯಲು ಶುರುಮಾಡುತ್ತವೆ. ಬಾಯಿ, ಕಣ್ಣು, ಚರ್ಮ, ಕೆಲವರಿಗೆ ಶ್ವಾಸಕೋಶ.

"ಅಂದ್ರ ನನ್ನ ರಕ್ತ ಅಕ್ಕನ ಬಾಯಿ ತಿನ್ನಾಕತ್ತೈತಿ" ಎಂದೆ.

"ಹಾಗೆ ಯೋಚನೆ ಮಾಡಬೇಡಿ."

"ಮತ್ತ ಹೆಂಗ ಮಾಡ್ಲಿ ಮೇಡಂ?"

ಸ್ಟೀರಾಯ್ಡು ಬರೆದುಕೊಟ್ಟರು, ಬಾಯಿಗೆ ಹಚ್ಚುವ ಮುಲಾಮು ಕೊಟ್ಟರು. ವಾಪಸು ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಯಾರು ಹೇಳಿದರೋ, ಅವಳಿಗೆ ಗೊತ್ತಾಗಿತ್ತು. "ಸಣ್ಣಾವಿದ್ದಾಗ ನನ್ನ ತಟ್ಯಾಗಿನ ತುಪ್ಪ ಕದ್ದು ತಿಂತಿದ್ದಿ. ಈಗ ಬಾಯಿಗೇ ಬಂದಿ" ಎಂದಳು. ನಗಿಸಲೆಂದೇ ಹೇಳಿದಳು. ಅವಳಿಗೂ ನಗಲಾಗಲಿಲ್ಲ, ತುಟಿ ಬಿರಿದು ರಕ್ತ ಬಂತು.

ಆಮೇಲೆ ಬಾಯಿ ಒಣಗತೊಡಗಿತು. ಮಾತಾಡಿದರೆ ನಾಲಿಗೆ ಅಂಗುಳಕ್ಕೆ ಅಂಟಿ ಚಟ್ ಎಂದು ಸದ್ದಾಗುತ್ತಿತ್ತು. ಹಲ್ಲುಗಳು ಬುಡದಲ್ಲಿ ಕರಗಿದವು. ಶುಕ್ರವಾರದ ಐದು ನಿಮಿಷ ಹತ್ತಾಯಿತು, ಹದಿನೈದಾಯಿತು. ತಲೆ ಬಗ್ಗಿಸಿ ಕೂತೇ ಇರುವಳು, ನಳಿಗೆಯ ತಳದಲ್ಲಿ ಒಂದು ನೊರೆ.

ಒಂದು ಬೆಳಿಗ್ಗೆ ನಾನು ತಡೆಯಲಾರದೆ, "ಅಕ್ಕಾ, ಕಣ್ಣು ಮುಚ್ಚು. ಮಾವಿನಕಾಯಿ ನೆನಸು. ಆ ಹಿತ್ತಲ ಗಿಡದ್ದು, ಹೋಳು ಮಾಡಿ, ಮ್ಯಾಲೆ ಉಪ್ಪು, ಖಾರಪುಡಿ..." ಎಂದೆ. ಹೇಳುತ್ತ ಹೇಳುತ್ತ ನನ್ನ ಬಾಯಲ್ಲೇ ನೀರೂರಿತು. ಪಕ್ಕದಲ್ಲಿ ಕೂತ ಅವ್ವ ಗುಟುಕು ನುಂಗಿದ್ದು ಕೇಳಿಸಿತು. ಅಕ್ಕ ಕಣ್ಣು ಮುಚ್ಚಿಕೊಂಡು ಕಾದಳು. ಏನೂ ಬರಲಿಲ್ಲ.

"ಹುಳಿ ಅಂದ್ರ ಹೆಂಗಿರ್ತೈತಿ ಅನ್ನೋದ ಮರ್ತೈತಲೇ" ಎಂದಳು. "ನೆನಪು ಮಾಡ್ಕೊಂಡ್ರೂ ಬರವಲ್ದು."

ನಾನು ನಳಿಗೆ ಕಿತ್ತುಕೊಂಡು, "ಸಾಕು ಬಿಡು, ಇನ್ನ ಕೊಡೂದು ಬ್ಯಾಡ. ಯಾರ ಉದ್ಧಾರಕ್ಕ ಇದು?" ಎಂದು ಚೀರಿದೆ.

ಅವಳು ಮೆಲ್ಲಗೆ ನನ್ನ ಕೈ ಬಿಡಿಸಿ ನಳಿಗೆ ತೆಗೆದುಕೊಂಡಳು. "ಕೊಡ್ತೀನಿ ಅಂತ ಸೈನ್ ಮಾಡೀನಿ. ಆ ಹುಡುಗಿ ಕಾಯ್ತಿರ್ತಾಳ." ಮತ್ತೆ ತಲೆ ಬಗ್ಗಿಸಿದಳು. ಆ ದಿನ ಒಯ್ದದ್ದು ಅರ್ಧ ಬೆರಳ ಗೆಣ್ಣಿನಷ್ಟಿತ್ತು. ಲ್ಯಾಬಿನವನು ಅದನ್ನೂ ತೆಗೆದುಕೊಂಡ.

ಉಬ್ಬಸ ಶುರುವಾದ ಮೇಲೆ, ಇನ್ನು ಬಹಳ ದಿನವಿಲ್ಲ ಎಂದು ಅವಳಿಗೇ ತಿಳಿಯಿತೇನೋ. ಹೊಳೆ ನೋಡಬೇಕು ಎಂದಳು. ಭಾವ ಯಾರದೋ ಜೀಪು ಕೇಳಿ ತಂದ. ಸಿರುಗುಪ್ಪ ದಾಟಿ ಕೆಂಚನಗುಡ್ಡಕ್ಕೆ ಹೋದೆವು. ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಅಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ತುಂಗಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಅವ್ವ ಮಜ್ಜಿಗೆ ಅನ್ನವನ್ನು ಗಂಜಿಯಂತೆ ಹಿಸುಕಿ ತಂದಿದ್ದಳು. ಅಕ್ಕ ಎರಡು ಚಮಚ ನುಂಗಿ, ಉರಿಗೆ ಕೈ ಬಾಯಿಗೆ ಒತ್ತಿಕೊಂಡಳು. ಭಾವ ಬೊಗಸೆಯಲ್ಲಿ ನೀರು ತಂದ. ಹೊಳೆಯ ನೀರು ಅವಳಿಗೆ ಕೊಡಬಾರದೆಂದು ನೆನಪಾಗಿ, ಅದೆಲ್ಲ ಬೆರಳ ಸಂದಿಯಿಂದ ಸೋರಿಹೋಗುವತನಕ ಹಾಗೆಯೇ ನಿಂತಿದ್ದ.

ಚಳಿಗಾಲದಲ್ಲಿ ಅವಳ ಶ್ವಾಸಕೋಶಕ್ಕೆ ಸೋಂಕು ಹತ್ತಿತು. ದೊಡ್ಡ ಆಸ್ಪತ್ರೆಗೆ ಒಯ್ಯುವ ಹಾಗಿರಲಿಲ್ಲ. ಬಳ್ಳಾರಿಯಲ್ಲೇ ಸೇರಿಸಿದೆವು. ನಾಲ್ಕನೆಯ ದಿನ ಬೆಳಿಗ್ಗೆ, ಅವ್ವ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿರುವಾಗ, ಹೋದಳು. ರಕ್ತದ ಕ್ಯಾನ್ಸರು ಅವಳ ಮೈಯಲ್ಲಿ ಆಗಲೂ ಇರಲಿಲ್ಲ. ಅದನ್ನು ನನ್ನ ಕೋಶಗಳು ಕೊನೆಯವರೆಗೂ ಹತ್ತಿರ ಬರಗೊಡಲಿಲ್ಲ.

ಕುರುಗೋಡಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಭಾವ ಕಟ್ಟೆಯ ಮೇಲೆ ಕೂತಿದ್ದ. ನಾನು ಹತ್ತಿರ ಹೋಗಿ ಕೂತೆ. ನನ್ನತ್ತ ನೋಡದೆ ಅಂದ: "ನಿಂದು ಹೊಂದಲಿಲ್ಲ ಅಂದಿದ್ರ ಚಲೋ ಇತ್ತು. ಅದ ರೋಗದಾಗ ಬಾಯಿ ತುಂಬ ಮಾತಾಡ್ಕೋತ ಹೋಗ್ತಿದ್ಲು."

ಅದು ಸಂಕಟದ ಮಾತು ಎಂದು ನನಗೆ ಗೊತ್ತು. ಅವನಿಗೂ ಗೊತ್ತಿದ್ದೀತು. ಆದರೆ ಅವನು ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ನಲವತ್ತು ದಿನ ಕಳೆದ ಮೇಲೆ ಅವನು ರಾಯಚೂರು ಕಡೆಗೆ ಹೋದ. ಈಗ ಎಲ್ಲಿದ್ದಾನೋ ತಿಳಿಯದು.

ವರ್ಷ ಕಳೆದಿತ್ತು. ಕಾರ್ಖಾನೆಯಲ್ಲಿ ಬಟ್ಟೆ ಹಾಸುತ್ತಿದ್ದಾಗ ಡಾಕ್ಟರಮ್ಮನ ಫೋನು ಬಂತು. ಅಕ್ಕನ ಸುದ್ದಿ ಕೇಳಿದಾಗಲೇ ಮಾಡಬೇಕಿತ್ತು, ಧೈರ್ಯ ಬರಲಿಲ್ಲ ಎಂದಳು. ಆಮೇಲೆ ಹೇಳಿದಳು, ಎಲ್ಲ ರೋಗಿಗಳ ನಳಿಗೆಗಳೂ ಕೂಡಿದ ಮೇಲೆ ಒಟ್ಟಿಗೆ ಪರೀಕ್ಷೆ ಮಾಡಿದರಂತೆ. ಅಕ್ಕನ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳು, ಬಿಳಿ ಗೆರೆ ಕಾಣಿಸುವುದಕ್ಕೆ ಎಷ್ಟೋ ದಿನ ಮೊದಲೇ, ಬದಲಾಗಿದ್ದವಂತೆ.

"ಒಬ್ಬರಿಂದ ಏನೂ ಸಾಬೀತಾಗಲ್ಲ. ಆದರೂ ನಿಮಗೆ ತಿಳಿಸಬೇಕು ಅನ್ನಿಸ್ತು. ಅಷ್ಟು ಕಷ್ಟಪಟ್ಟು ಕೊಟ್ಟಿದ್ದಾರೆ."

"ಅವಾಗ ಅದೆಲ್ಲಾ ಎಲ್ಲಿತ್ತು ಮೇಡಂ?"

"ಫ್ರೀಜರ್‌ನಲ್ಲಿ."

ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟೆ. ಆಮೇಲೆ, "ಒಂದು ವಾರದ್ದು ಇಲ್ಲ ನೋಡ್ರಿ ಅದರಾಗ. ಐಸ್ ಕರಗಿತ್ತು. ನಂದ ತಪ್ಪು" ಎಂದೆ.

"ಅದೊಂದು ಇದ್ದಿದ್ದರೂ ಏನೂ ಬದಲಾಗ್ತಿರಲಿಲ್ಲ" ಎಂದಳು. "ಮೊದಲೇ ಗೊತ್ತಾಗಿದ್ದರೂ ಆಗ ನಮ್ಮ ಹತ್ರ ಬೇರೆ ಔಷಧಿ ಏನಿತ್ತು ಹೇಳಿ?"

ಆ ವಾರ ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಹೇಳದೆ ಇರುವುದು ನನ್ನಿಂದ ಆಗಲಿಲ್ಲ. ಅವ್ವ ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿದಳು.

"ಮೊದಲ ಗೊತ್ತಾಗಿದ್ರ ಉಳೀತಿದ್ಲೇನು?"

"ಗೊತ್ತಿಲ್ಲವ್ವ. ಉಳೀತಿರಲಿಲ್ಲ ಅಂತ ಕಾಣ್ತೈತಿ."

"ಹಂಗಾರ ನನಗ್ಯಾಕ ಹೇಳಿದಿ?"

ಮೊರವನ್ನು ಪಕ್ಕಕ್ಕಿಟ್ಟು ಎದ್ದು ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದೆ, ಏಳಲಿಲ್ಲ. ಉಳಿದ ಅಕ್ಕಿಯನ್ನು ನಾನೇ ಆರಿಸಿ ಅನ್ನ ಮಾಡಿದೆ. ಇಬ್ಬರೂ ಉಣ್ಣಲಿಲ್ಲ.